ದೊಡ್ಡಕ್ಷರದ ದೊಡ್ಡಸ್ತಿಕೆ

"ಹೆಸರು ತಾಳೆಯಾಗುತ್ತಿಲ್ಲ." ಪರದೆಯ ಮೇಲೆ ಕೆಂಪಕ್ಷರ. ಗುರುತಿನ ಚೀಟಿಯ ಇಂಗ್ಲಿಷ್ ಹೆಸರಿನಲ್ಲಿ ನಾನು ಮೊದಲಕ್ಷರ ಮಾತ್ರ ದೊಡ್ಡದಿರುವ ವಿನಯವಂತ. ಅರ್ಜಿಯಲ್ಲಿ ಕ್ಯಾಪ್ಸ್ ಲಾಕ್ ಒತ್ತಿಹೋಗಿ ಉದ್ದಕ್ಕೂ ಗರ್ಜಿಸುತ್ತಿದ್ದೇನೆ. ಒಮ್ಮೆ ಸಲ್ಲಿಸಿದ್ದನ್ನು ತಿದ್ದುವಂತಿಲ್ಲವಂತೆ. ಕೌಂಟರಿನವರು ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿ, "ನಂಗೆ ಒಂದೇ ಥರ ಕಾಣ್ತದೆ ಸಾರ್, ಆದ್ರೆ ಸಿಸ್ಟಮ್ ಒಪ್ಪಲ್ಲ" ಅಂದರು.

ಸಿಸ್ಟಮ್ಮಿನ ಕಣ್ಣಿಗೆ ಅಕ್ಷರವೆಂದರೆ ಒಂದು ಸಂಖ್ಯೆ: ದೊಡ್ಡ ಎ ಅಂದರೆ 65, ಚಿಕ್ಕ ಎ ಅಂದರೆ 97. ಇಪ್ಪತ್ತಾರು ಅಕ್ಷರಗಳಿಗೂ ಅದೇ 32ರ ಅಂತರ, ಬರೀ ಒಂದು ಬಿಟ್, ಅಂದರೆ ಒಂದು ಸೊನ್ನೆ ಒಂದಾಗುವಷ್ಟು. ಹಿಂದೆ ಇಂಗ್ಲಿಷ್ ಅಚ್ಚಿನ ಮನೆಗಳಲ್ಲಿ ದೊಡ್ಡಕ್ಷರದ ಮೊಳೆಗಳು ಮೇಲಿನ ಪೆಟ್ಟಿಗೆಯಲ್ಲಿ, ಚಿಕ್ಕವು ಕೆಳಗಿನದರಲ್ಲಿ ಇರುತ್ತಿದ್ದವು. ಅಪ್ಪರ್ ಕೇಸ್, ಲೋವರ್ ಕೇಸ್ ಬಂದದ್ದು ಅಲ್ಲಿಂದ. ಪೆಟ್ಟಿಗೆ ಗುಜರಿಗೆ ಹೋಯಿತು, ಮೇಲು-ಕೀಳು ಮಾತ್ರ ಉಳಿಯಿತು.

ಮದ್ದಿಲ್ಲವೆಂದಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಾದರೆ ಹೋಲಿಸುವ ಮುನ್ನ ಎರಡೂ ಹೆಸರಿಗೆ ಎಲ್ಲವನ್ನೂ ಚಿಕ್ಕಕ್ಷರ ಮಾಡುವ 'ಲೋವರ್' ಹಚ್ಚಿದರಾಯಿತು, ಒಂದು ಸಾಲಿನ ಕೆಲಸ. ಜರ್ಮನ್ನರಿಗೆ ಅದು ಸಾಲದು. ಅವರ 'ಎಸ್‌ಸೆಟ್' ಅಕ್ಷರ (ß) ದೊಡ್ಡದಾಗುವಾಗ ಸಾಮಾನ್ಯವಾಗಿ ಎರಡು ಎಸ್ ಆಗಿ ಒಡೆಯುತ್ತದೆ, ಅಂಥವನ್ನೂ ಒಂದೇ ರೂಪಕ್ಕೆ ತರಲು 'ಕೇಸ್‌ಫೋಲ್ಡ್' ಇದೆ. ಟರ್ಕಿಯಲ್ಲಿ ಚಿಕ್ಕ ಐ ದೊಡ್ಡವನಾದ ಮೇಲೂ ತಲೆಯ ಚುಕ್ಕೆ ಬಿಡುವುದಿಲ್ಲ. ಚುಕ್ಕೆಯಿಲ್ಲದ ಐ ಬೇರೆಯೇ ಕುಲ. ಅವರದು ನಿಜವಾದ ಸಂಕಟ. ನಮ್ಮದು ಬರೀ ಸೋಮಾರಿತನ.

ಸರಿ, ಕನ್ನಡದ ಅರ್ಜಿಯನ್ನೇ ತುಂಬೋಣ ಅಂದುಕೊಂಡೆ. ನಮ್ಮಲ್ಲಿ ಈ ಕಾಟವಿಲ್ಲ. ಮುಖ್ಯಮಂತ್ರಿಗೂ ಮುದ್ದೆಗೂ ಒಂದೇ ಗಾತ್ರದ 'ಮು'. ತಾಯಿಯ ಹೆಸರು: ಕೊಟ್ರಮ್ಮ. ಮತ್ತೆ ಕೆಂಪಕ್ಷರ! ಆ 'ಕೊ' ಇದೆಯಲ್ಲ, ಅದರ ಒತ್ವ, ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯುನಿಕೋಡಿನಲ್ಲಿ, ಒಂದೇ ಸಂಕೇತವಾಗಿಯೂ ಇರಬಹುದು, ಎತ್ವ-ಊತ್ವ ಎರಡು ಸಂಕೇತಗಳ ಜೋಡಿಯಾಗಿಯೂ ಇರಬಹುದು. ಕಣ್ಣಿಗೆ ಕೂದಲೆಳೆಯ ವ್ಯತ್ಯಾಸವೂ ಕಾಣದು. ಹೋಲಿಸುವ ಮೊದಲು ಎರಡನ್ನೂ ಒಂದು ರೂಪಕ್ಕೆ ತರುವ ನಾರ್ಮಲೈಸೇಶನ್ ನಿಯಮವನ್ನು ಯುನಿಕೋಡೇ ಮಾಡಿಟ್ಟಿದೆ, ಇಲ್ಲಿ ಅದನ್ನು ಕರೆದವರಿಲ್ಲ. ಹೀಗಾಗಿ ಮನೆಯಲ್ಲಿ ಅವ್ವ ಒಬ್ಬಳೇ, ಕಡತದಲ್ಲಿ ಇಬ್ಬರು.

"ಒಂದು ಅಫಿಡವಿಟ್ ತನ್ನಿ ಸಾರ್" ಅಂದರು ಕೌಂಟರಿನವರು. ಮೇಲಿನ ನಾನೂ ಕೆಳಗಿನ ನಾನೂ ಒಬ್ಬನೇ, ಇಬ್ಬರು ಕೊಟ್ರಮ್ಮಂದಿರೂ ಒಬ್ಬಳೇ ಎಂದು ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಬೇಕಂತೆ. ಮಾಡಿಸಿದ್ದಾಯಿತು. ನೋಟರಿಯವರ ಟೈಪಿಸ್ಟು ನನ್ನ ಇಂಗ್ಲಿಷ್ ಹೆಸರನ್ನು ಪೂರ್ತಿ ಚಿಕ್ಕಕ್ಷರದಲ್ಲಿ ಹೊಡೆದು ಕೊಟ್ಟಿದ್ದಾನೆ.