ತುಕ್ಕು ಜಾಸ್ತಿ ಇದ್ದಷ್ಟೂ ರೇಟು ಜಾಸ್ತಿ

ಅಮೆರಿಕದಲ್ಲಿ ಅರವತ್ತು ವರ್ಷದ ಹಳೇ ಪಿಕಪ್ ಟ್ರಕ್ ಕೊಳ್ಳಲು ಹೊರಟವರಿಗೆ ಒಂದು ಕಿವಿಮಾತು. ಗಾಡಿಯನ್ನು ಉಜ್ಜಿ ತೊಳೆಯಬೇಡಿ. ಅಪ್ಪಿತಪ್ಪಿಯೂ ಬಣ್ಣ ಹೊಡೆಸಬೇಡಿ. ತೊಳೆದರೆ ಮರ್ಯಾದೆ ಹೋಗುತ್ತದೆ, ಬಣ್ಣ ಹೊಡೆಸಿದರೆ ದುಡ್ಡೂ ಹೋಗುತ್ತದೆ.

ನಾನು ಹೇಳುತ್ತಿರುವುದು 1960ರ ದಶಕದ ಶೆವ್ರೊಲೆ ಸಿ-10, ಫೋರ್ಡ್ ಎಫ್-100, ಡಾಡ್ಜ್ ಡಿ-100 ಥರದ ಗಾಡಿಗಳ ಬಗ್ಗೆ. ಆಗ ಹೊಸದಕ್ಕೆ ಹೆಚ್ಚುಕಮ್ಮಿ ಎರಡು ಸಾವಿರ ಡಾಲರ್. ರೈತರು, ಪ್ಲಂಬರ್‌ಗಳು, ಗಾರೆ ಕೆಲಸದವರು ಕೊಂಡರು. ಹುಲ್ಲು ಹೇರಿದರು, ಇಟ್ಟಿಗೆ ಹೇರಿದರು, ಗೊಬ್ಬರ ಹೇರಿದರು. ಇನ್ನು ಎಳೆಯಲಾರದು ಅನ್ನಿಸಿದಾಗ ಕೊಟ್ಟಿಗೆಯ ಹಿಂದೆ ತಳ್ಳಿ ಮರೆತುಬಿಟ್ಟರು. ಈಗ ಅವನ್ನು ಹುಡುಕಿಕೊಂಡು ಬರುವವರೇ ಬೇರೆ. ಹಲ್ಲಿನ ಡಾಕ್ಟರು, ವಕೀಲರು, ಸಾಫ್ಟ್‌ವೇರ್‌ನವರು. ಇವರ ಮನೆಯಲ್ಲಿ ಹೇರುವುದಕ್ಕೆ ಏನೂ ಇಲ್ಲ, ಕೊಡುವುದಕ್ಕೆ ಮಾತ್ರ ಬೇಕಾದಷ್ಟಿದೆ.

ಜಾಹೀರಾತುಗಳನ್ನು ಓದಬೇಕು ನೀವು. ‘ನಿಲ್ಲಿಸಿದಾಗ ಚೆನ್ನಾಗಿ ಓಡ್ತಿತ್ತು’ ಅಂತ ಒಬ್ಬ ಬರೆದಿರುತ್ತಾನೆ. ಯಾವಾಗಪ್ಪಾ ನಿಲ್ಲಿಸಿದ್ದು? ಐವತ್ತು ವರ್ಷದ ಹಿಂದೆ, ನಿಕ್ಸನ್ ಅಧ್ಯಕ್ಷನಾಗಿದ್ದಾಗ ಇರಬೇಕು. ಅಲ್ಲ, ನಿಲ್ಲಿಸುವ ತನಕ ಎಲ್ಲ ಗಾಡಿಯೂ ಓಡುತ್ತಲೇ ಇರುತ್ತದೆ ಅಲ್ವಾ? ಇನ್ನೊಬ್ಬ, ‘ಚೌಕಾಸಿ ಬೇಡ, ನನ್ನ ಹತ್ತಿರ ಇರೋದು ಏನು ಅಂತ ನನಗೆ ಗೊತ್ತು’ ಅನ್ನುತ್ತಾನೆ. ಅವನ ಹತ್ತಿರ ಇರೋದು ಏನು ಅಂತ ನಿಮಗೆ ಗೊತ್ತಾಗಬೇಕಾದರೆ ಜೇಬಿನಲ್ಲಿ ಒಂದು ಚಿಕ್ಕ ಅಯಸ್ಕಾಂತ ಇಟ್ಟುಕೊಂಡು ಹೋಗಿ. ಬಾಗಿಲ ಕೆಳಗಿನ ಅಂಚಿಗೆ, ಕ್ಯಾಬಿನ್ನಿನ ಹಿಂದಿನ ಮೂಲೆಗೆ, ಚಕ್ರದ ಮೇಲಿನ ಕಮಾನಿಗೆ ತಾಗಿಸಿ. ಟಕ್ ಅಂತ ಅಂಟಿಕೊಂಡರೆ ತಗಡು. ಜಾರಿ ಕೆಳಗೆ ಬಿದ್ದರೆ ಅಲ್ಲಿರುವುದು ಪುಟ್ಟಿ. ಸೀಟಿನ ಹಿಂದೆ ಕ್ಯಾಬಿನ್ನಿನ ಒಳಗೇ ಪೆಟ್ರೋಲ್ ಟ್ಯಾಂಕ್ ಇರುತ್ತದೆ, ಅದನ್ನೂ ಮೂಸಿ ನೋಡಿ. ಹೌದು, ನಿಮ್ಮ ಬೆನ್ನಿಗೆ ಒರಗಿದ ಹಾಗೆ ಟ್ಯಾಂಕು. ಆ ಕಾಲದಲ್ಲಿ ಸಿ-10, ಎಫ್-100 ಎರಡರಲ್ಲೂ ಹಾಗೇ.

ಅಂದರೆ ಮಾಲೀಕ ತಗಡಿನ ತುಕ್ಕನ್ನು ಪುಟ್ಟಿ ಹಚ್ಚಿ ಮುಚ್ಚಿದ್ದರೆ ಅದು ಮೋಸ. ತುಕ್ಕನ್ನು ಎಲ್ಲರಿಗೂ ಕಾಣುವ ಹಾಗೆ ಬಿಟ್ಟಿದ್ದರೆ ಅದು ಪಟೀನಾ. ಪಟೀನಾಗೆ ರೇಟು ಜಾಸ್ತಿ. ಬಿಸಿಲಿಗೆ ಬೆಳ್ಳಗಾದ ಬಾನೆಟ್ಟು, ಮೊಣಕೈ ಇಟ್ಟು ಇಟ್ಟು ಬಣ್ಣ ಸವೆದ ಬಾಗಿಲು, ಮೂರು ಬಣ್ಣದ ಪದರ ಕಾಣುವ ಬಂಪರು. ಇವಕ್ಕೆ ಅಗಸೆ ಎಣ್ಣೆ ಒರೆಸಿ ಹೊಳಪು ಕೊಡುತ್ತಾರೆ. ಇನ್ನೂ ಶ್ರದ್ಧೆ ಇದ್ದವರು ತುಕ್ಕಿನ ಮೇಲೆಯೇ ಗಾಜಿನಂಥ ಕ್ಲಿಯರ್ ಕೋಟ್ ಹೊಡೆಸುತ್ತಾರೆ, ತುಕ್ಕು ಹಾಳಾಗಬಾರದಲ್ಲ, ಅದಕ್ಕೆ.

ಆದರೆ ನಿಜವಾಗಿ ದುಡಿದು ತುಕ್ಕು ಹಿಡಿದ ಟ್ರಕ್ಕುಗಳು ಎಷ್ಟಿರಲು ಸಾಧ್ಯ? ಅದಕ್ಕೇ ಹೊಸ ತುಕ್ಕು ತಯಾರಿಸುವವರು ಹುಟ್ಟಿಕೊಂಡಿದ್ದಾರೆ. ಚೆನ್ನಾಗಿರುವ ಬಣ್ಣವನ್ನು ಉಪ್ಪುಕಾಗದದಲ್ಲಿ ಉಜ್ಜಿ ಪದರ ಪದರ ಬಿಡಿಸುತ್ತಾರೆ. ಬರೀ ತಗಡು ಕಂಡಲ್ಲಿ ವಿನಿಗರ್, ಉಪ್ಪು, ಹೈಡ್ರೋಜನ್ ಪೆರಾಕ್ಸೈಡ್ ಸಿಂಪಡಿಸುತ್ತಾರೆ. ನೋಡ್ತಾ ನೋಡ್ತಾ ಕೆಂಪು ಏಳುತ್ತದೆ. ಕೊನೆಗೆ ಬಾಗಿಲ ಮೇಲೆ ಎಂದೂ ಇರದಿದ್ದ ಒಂದು ಬೀಜ-ಗೊಬ್ಬರದ ಅಂಗಡಿಯ ಹೆಸರನ್ನು ಚಂದದ ಅಕ್ಷರದಲ್ಲಿ ಬರೆದು, ಆಮೇಲೆ ಅದೇ ಅಕ್ಷರವನ್ನು ಅರ್ಧಂಬರ್ಧ ಅಳಿಸುತ್ತಾರೆ. ಬರೆದದ್ದಕ್ಕೆ ಒಂದು ಕೂಲಿ, ಅಳಿಸಿದ್ದಕ್ಕೆ ಇನ್ನೊಂದು. ದುಡಿದವನಿಗೆ ಅವತ್ತು ಸಿಕ್ಕ ಕೂಲಿಗಿಂತ ದುಡಿದ ಹಾಗೆ ಕಾಣಿಸಿದವನಿಗೆ ಇವತ್ತು ಸಿಗುವ ಕೂಲಿಯೇ ಜಾಸ್ತಿ.

ಇನ್ನು ಟ್ರಕ್ಕಿನ ಹಿಂದಿನ ತೊಟ್ಟಿಯ ವಿಷಯ. ಕಂಪನಿಯವರು ಎರಡು ಅಳತೆ ಮಾಡುತ್ತಿದ್ದರು, ಒಂದು ಆರೂವರೆ ಅಡಿ, ಇನ್ನೊಂದು ಎಂಟು ಅಡಿ. ಬುದ್ಧಿ ಇದ್ದ ರೈತ ಎಂಟು ಅಡಿಯದ್ದನ್ನೇ ತೆಗೆದುಕೊಂಡ. ಹಾಗಾಗಿ ಉಳಿದಿರುವುದರಲ್ಲಿ ಉದ್ದದ್ದೇ ಜಾಸ್ತಿ. ಈಗಿನ ಸಾಹೇಬರಿಗೆ ಉದ್ದದ್ದು ಬೇಡ. ನೋಡಲು ಚಂದ ಇಲ್ಲವಂತೆ, ಗ್ಯಾರೇಜಿಗೂ ಹಿಡಿಸುವುದಿಲ್ಲವಂತೆ. ಗಿಡ್ಡದ್ದಕ್ಕೆ ಬೆಲೆ ಏರಿತು. ಪರಿಣಾಮ ಏನು ಗೊತ್ತಾ? ಒಳ್ಳೇ ಉದ್ದದ ಟ್ರಕ್ಕನ್ನು ತಂದು, ಚಾಸಿಯನ್ನೇ ಕತ್ತರಿಸಿ, ತುಂಡು ತೆಗೆದು, ಮತ್ತೆ ವೆಲ್ಡ್ ಮಾಡಿ ಗಿಡ್ಡ ಮಾಡುತ್ತಾರೆ. ಅದಕ್ಕೆ ಬೇಕಾದ ಸಾಮಾನಿನ ಕಿಟ್ ಕೂಡ ಅಂಗಡಿಯಲ್ಲಿ ಸಿಗುತ್ತದೆ. ಒಂದೂವರೆ ಅಡಿ ಜಾಗ ಕಳೆದುಕೊಳ್ಳಲು ದುಡ್ಡು ಕೊಡುವ ಜನ.

ಅಷ್ಟಕ್ಕೇ ನಿಲ್ಲುವುದಿಲ್ಲ. ಗಾಡಿ ನೆಲಕ್ಕೆ ತಾಗುವ ಹಾಗೆ ಇಳಿಸಬೇಕು. ಸ್ಪ್ರಿಂಗ್ ತೆಗೆದು ಗಾಳಿ ಚೀಲ ಹಾಕುತ್ತಾರೆ. ಗುಂಡಿ ಒತ್ತಿದರೆ ಟ್ರಕ್ಕು ಉಸ್ಸಪ್ಪಾ ಅಂತ ಕೂತುಬಿಡುತ್ತದೆ. ಹಾಗೆ ಕೂರುವಾಗ ಹಿಂದಿನ ಆಕ್ಸಲ್ ಮೇಲೆ ಬರುತ್ತದಲ್ಲ, ಅದಕ್ಕೆ ಜಾಗ ಮಾಡಲು ಚಾಸಿಯಲ್ಲಿ ಕಚ್ಚು ಹಾಕುತ್ತಾರೆ. ಎಷ್ಟೋ ಗಾಡಿಗಳಲ್ಲಿ ತೊಟ್ಟಿಯ ತಳವನ್ನೂ ಕೊರೆಯುತ್ತಾರೆ ಇಲ್ಲವೇ ಎತ್ತರಿಸುತ್ತಾರೆ. ತೊಟ್ಟಿಗೆ ಹೊಸ ಓಕ್ ಮರದ ಹಲಗೆ ಹೊಂದಿಸಿ ವಾರ್ನಿಷ್ ಹೊಡೆಯುತ್ತಾರೆ. ಅದರ ಮೇಲೆ ಮಗು ಸೈಕಲ್ ಇಟ್ಟರೂ ಮನೆಯಲ್ಲಿ ಜಗಳ. ಒಳಗೆ ಹೊಸ ಎಂಜಿನ್, ಹೊಸ ಬ್ರೇಕ್, ಹೊಸ ಎ.ಸಿ., ಹೊರಗೆ ಮಾತ್ರ ಹಸಿದು ಸತ್ತ ಹಾಗೆ ಕಾಣಬೇಕು. ಜನವರಿಯಲ್ಲಿ ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿ ಬ್ಯಾರೆಟ್-ಜಾಕ್ಸನ್‌ನವರ ಹರಾಜು ನಡೆಯುತ್ತದೆ. ಅಲ್ಲಿ ಹೀಗೆ ಸಿಂಗರಿಸಿದ ಪಿಕಪ್ಪುಗಳು ಲಕ್ಷ ಡಾಲರ್ ದಾಟಿದ್ದೂ ಉಂಟು.

ವಾಲ್‌ಮಾರ್ಟ್ ಕಟ್ಟಿದ ಸ್ಯಾಮ್ ವಾಲ್ಟನ್ ಅಮೆರಿಕದ ಅತಿ ದೊಡ್ಡ ಶ್ರೀಮಂತ ಅನ್ನಿಸಿಕೊಂಡಾಗಲೂ 1979ರ ಫೋರ್ಡ್ ಪಿಕಪ್ಪಿನಲ್ಲೇ ಓಡಾಡುತ್ತಿದ್ದ. ಹಿಂದೆ ಬೇಟೆ ನಾಯಿಗಳನ್ನು ಕೂರಿಸಿಕೊಂಡು ಹೋಗುತ್ತಿದ್ದ. ಪಾಪ, ಅವನಿಗೆ ದುಡ್ಡು ಖರ್ಚು ಮಾಡುವುದು ಗೊತ್ತಿರಲಿಲ್ಲ.

ಸರಕಾರ ಏನು ಮಾಡುತ್ತಿದೆ ಅಂತ ಕೇಳಬಹುದು. ಸರಕಾರವೂ ಮೇಳದಲ್ಲಿ ಸೇರಿಕೊಂಡಿದೆ. ಹಲವು ರಾಜ್ಯಗಳು ಹಳೇ ಗಾಡಿಗೆ ‘ಆಂಟಿಕ್’ ನಂಬರ್ ಪ್ಲೇಟ್ ಕೊಡುತ್ತವೆ. ಟೆಕ್ಸಸ್‌ನಲ್ಲಿ ಆ ಪ್ಲೇಟು ಹಾಕಿದರೆ ಪ್ರದರ್ಶನ, ಮೆರವಣಿಗೆ, ಕ್ಲಬ್ಬಿನ ಕಾರ್ಯಕ್ರಮಕ್ಕೆ ಹೋಗಬಹುದು, ದಿನದ ಓಡಾಟಕ್ಕೆ ಬಳಸುವ ಹಾಗಿಲ್ಲ. ಅಂದರೆ ಟ್ರಕ್ಕು ಟ್ರಕ್ಕಿನ ಕೆಲಸ ಮಾಡಿದರೆ ಕಾನೂನು ಮುರಿದ ಹಾಗೆ.

ಹಾಗಾದರೆ ನಿಜವಾಗಿ ಹುಲ್ಲು ಹೇರಬೇಕಾದ ಅಮೆರಿಕದ ಸಣ್ಣ ರೈತ ಏನು ಮಾಡುತ್ತಾನೆ? ಹೊಸ ಪಿಕಪ್ಪು ಮನೆಯಷ್ಟು ದೊಡ್ಡದು, ಬೆಲೆಯೂ ಹಾಗೇ. ಅವನು ಜಪಾನಿನಿಂದ ಇಪ್ಪತ್ತೈದು ವರ್ಷ ದಾಟಿದ ಪುಟ್ಟ ಟ್ರಕ್ಕು ತರಿಸಿಕೊಳ್ಳುತ್ತಾನೆ. ಅದಕ್ಕಿಂತ ಹೊಸದನ್ನು ತರಿಸಲು ಕೇಂದ್ರದ ಸುರಕ್ಷತಾ ನಿಯಮ ಅಡ್ಡ ಬರುತ್ತದೆ. ಈ ಪುಟಾಣಿಗಳನ್ನು ಕೇ ಟ್ರಕ್ ಅನ್ನುತ್ತಾರೆ. 660 ಸಿ.ಸಿ. ಎಂಜಿನ್, ತೊಟ್ಟಿ ಮಾತ್ರ ಆ ಗಿಡ್ಡ ಸಿ-10ರಷ್ಟೇ ಉದ್ದ, ಹೆಚ್ಚುಕಮ್ಮಿ ಆರೂವರೆ ಅಡಿ. ಮೂರು ಕಡೆಯ ಬಾಗಿಲೂ ಬಿಚ್ಚುತ್ತದೆ. ಚೊಕ್ಕ ಗಾಡಿ. ಆದರೆ ಜಾರ್ಜಿಯಾ, ರೋಡ್ ಐಲೆಂಡ್, ಮೇನ್ ಥರದ ರಾಜ್ಯಗಳಲ್ಲಿ ಅಧಿಕಾರಿಗಳು ಇವಕ್ಕೆ ನೋಂದಣಿ ನಿರಾಕರಿಸಿದರು. ರಸ್ತೆಗೆ ಇದು ಸುರಕ್ಷಿತ ಅಲ್ಲ ಅಂದರು. ಟೆಕ್ಸಸ್ ಕೂಡ ಹಾಗೇ ಮಾಡಿ, ಮಾಲೀಕರು ಗಲಾಟೆ ಎಬ್ಬಿಸಿದ ಮೇಲೆ 2024ರಲ್ಲಿ ಸಡಿಲಿಸಿತು. ಹೆಗಲ ಮೇಲೆ ಸೀಟ್ ಬೆಲ್ಟ್ ಇಲ್ಲದ, ಎದುರಿಗೆ ಬರೀ ಕಬ್ಬಿಣದ ಡ್ಯಾಶ್‌ಬೋರ್ಡ್ ಇರುವ, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವ, ಬೆನ್ನ ಹಿಂದೆ ಪೆಟ್ರೋಲ್ ಹೊತ್ತ 1964ರ ಟ್ರಕ್ಕು ಇದೆಯಲ್ಲ, ಅದರ ಬಗ್ಗೆ ಯಾವ ಅಧಿಕಾರಿಗೂ ಚಿಂತೆ ಬಂದ ಹಾಗಿಲ್ಲ. ಅದು ಪರಂಪರೆ ನೋಡಿ.

ಜಪಾನಿನ ಆ ಹಳೇ ಪುಟಾಣಿ ಬಂದರಿಗೆ ಬಂದಾಗ ಇನ್ನೊಂದು ಪೆಟ್ಟು ಬೀಳುತ್ತದೆ, ಕೋಳಿ ಸುಂಕ. ಹೌದು, ಕೋಳಿಯದ್ದೇ. 1960ರ ಆಸುಪಾಸಿನಲ್ಲಿ ಅಮೆರಿಕದ ಅಗ್ಗದ ಫಾರಂ ಕೋಳಿ ಪಶ್ಚಿಮ ಜರ್ಮನಿಯ ಮಾರುಕಟ್ಟೆಯಲ್ಲಿ ತುಂಬಿಕೊಂಡಿತು. ಯುರೋಪಿನವರು ಸಿಟ್ಟಾಗಿ ಕೋಳಿಗೆ ಸುಂಕ ಹಾಕಿದರು. ಅಮೆರಿಕ ಅಧ್ಯಕ್ಷ ಲಿಂಡನ್ ಜಾನ್ಸನ್ 1963ರ ಡಿಸೆಂಬರಿನಲ್ಲಿ ಸೇಡು ತೀರಿಸಿಕೊಂಡರು. ಆಲೂಗಡ್ಡೆ ಪಿಷ್ಟ, ಡೆಕ್ಸ್‌ಟ್ರಿನ್ ಎಂಬ ಪಿಷ್ಟದ ಅಂಟು, ಬ್ರಾಂದಿ ಜೊತೆಗೆ ಹೊರಗಿನಿಂದ ಬರುವ ಸಣ್ಣ ಟ್ರಕ್ಕಿಗೆ ಶೇ. 25 ಸುಂಕ. ಗುರಿ ಇದ್ದದ್ದು ಜರ್ಮನಿಯ ಫೋಕ್ಸ್‌ವ್ಯಾಗನ್ ಪಿಕಪ್ಪಿನ ಮೇಲೆ. ಪಿಷ್ಟ, ಬ್ರಾಂದಿಗೆ ಕಾಲಕ್ರಮದಲ್ಲಿ ಮಾಫಿ ಸಿಕ್ಕಿತು. ಕೋಳಿಗಳು ಯಾವತ್ತೋ ಸಾರಾದವು. ಟ್ರಕ್ಕಿನ ಮೇಲಿನ ಸುಂಕ ಅರವತ್ತು ವರ್ಷ ದಾಟಿದರೂ ತೊಲಗಲಿಲ್ಲ.

ತಪ್ಪಿಸಿಕೊಳ್ಳಲು ಕಂಪನಿಗಳು ಆಡಿದ ಆಟ ಒಂದೆರಡಲ್ಲ. ಈ ಸುಂಕ ಟ್ರಕ್ಕು, ಸರಕು ವ್ಯಾನಿಗೆ ಮಾತ್ರ, ಕಾರಿಗಿಲ್ಲ. ಜಪಾನಿನ ಸುಬಾರು ಕಂಪನಿ ತನ್ನ ಬ್ರ್ಯಾಟ್ ಎಂಬ ಗಾಡಿಯ ತೊಟ್ಟಿಯೊಳಗೆ ಹಿಂದಕ್ಕೆ ಮುಖ ಮಾಡಿದ ಎರಡು ಪ್ಲಾಸ್ಟಿಕ್ ಕುರ್ಚಿ ಜೋಡಿಸಿ, ‘ಇದು ಕಾರು ಸ್ವಾಮಿ’ ಅಂದಿತು. ಫೋರ್ಡ್ ಇನ್ನೂ ಜಾಣ. ಟರ್ಕಿಯಲ್ಲಿ ಮಾಡಿದ ಸರಕು ವ್ಯಾನಿಗೆ ಹಿಂದಿನ ಸೀಟು ಹಾಕಿ ಹಡಗು ಹತ್ತಿಸಿತು, ಬಾಲ್ಟಿಮೋರ್ ಬಂದರಿನ ಸುಂಕ ದಾಟಿದ ಮೇಲೆ ಆ ಸೀಟುಗಳನ್ನು ಕಿತ್ತುಹಾಕಿತು. ಈ ಜಾಣತನದ ಕೇಸು ಮುಗಿಸಿಕೊಳ್ಳಲು 2024ರಲ್ಲಿ 36.5 ಕೋಟಿ ಡಾಲರ್ ಕಕ್ಕಲು ಒಪ್ಪಿತು. ನೆನಪಿಡಿ, ಈ ಸುಂಕ ಇರುವುದೇ ಫೋರ್ಡಿನಂಥ ಕಂಪನಿಗಳನ್ನು ಕಾಪಾಡಲಿಕ್ಕೆ.

ಇಷ್ಟೆಲ್ಲ ಆದ ಮೇಲೂ ಡಲ್ಲಾಸ್ ಕಡೆಯ ನಮ್ಮ ಕನ್ನಡದ ಹುಡುಗನೊಬ್ಬ ಆಸೆಪಟ್ಟು 1966ರ ಸಿ-10 ಕೊಂಡ ಅಂತ ಇಟ್ಟುಕೊಳ್ಳಿ. ಪಟೀನಾ ಇರುವುದೇ. ಬಡಾವಣೆಯ ಸಂಘದವರ ನಿಯಮ ಇದ್ದೇ ಇರುತ್ತದೆ, ತುಕ್ಕು ಗಾಡಿ ಮನೆಮುಂದೆ ಕಾಣಬಾರದು. ಹೀಗಾಗಿ ತುಕ್ಕು ಗಾಡಿ ಗ್ಯಾರೇಜಿನೊಳಗೆ, ಹೊಸ ಟೆಸ್ಲಾ ಆಲಿಕಲ್ಲು ಮಳೆಯಲ್ಲಿ ಹೊರಗೆ. ಮಂಡ್ಯದಿಂದ ಅಪ್ಪ ಬರುತ್ತಾರೆ. ಮಗ ಗ್ಯಾರೇಜಿನ ಬಾಗಿಲು ಎತ್ತಿ, ದೀಪ ಹಾಕಿ ತೋರಿಸುತ್ತಾನೆ. ಅಪ್ಪ ಸುತ್ತು ಹಾಕುತ್ತಾರೆ. ಬೆರಳಲ್ಲಿ ತುಕ್ಕು ಕೆರೆಯುತ್ತಾರೆ.

‘ಅಯ್ಯೋ, ಕೈ ಹಾಕ್ಬೇಡಿ ಅಪ್ಪಾ!’

‘ಎಷ್ಟು ಕೊಟ್ಟೆ ಮಗಾ?’

ಮಗ ಹೇಳುತ್ತಾನೆ. ಅಪ್ಪ ಡಾಲರನ್ನು ಮನಸ್ಸಿನಲ್ಲೇ ರೂಪಾಯಿ ಮಾಡಿ, ಸ್ವಲ್ಪ ಹೊತ್ತು ಗ್ಯಾರೇಜಿನ ಗೋಡೆ ಹಿಡಿದು ನಿಲ್ಲುತ್ತಾರೆ.

‘ನಮ್ಮ ಮೆಟಡೋರ್ ಇದಕ್ಕಿಂತ ಚೆನ್ನಾಗಿತ್ತಲ್ಲೋ. ಗುಜರಿಯವನಿಗೆ ಕೆ.ಜಿ. ಲೆಕ್ಕದಲ್ಲಿ ಹಾಕ್ದೆ.’ ಆಮೇಲೆ ಕನ್ನಡಕ ಸರಿಮಾಡಿಕೊಂಡು, ಬಾಗಿಲ ಮೇಲೆ ಅರ್ಧ ಅಳಿಸಿದ ಅಂಗಡಿ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾರೆ. ‘ಫೋನ್ ನಂಬರೂ ಇದೆ ಕಣೋ. ಪಾಪ, ಒಂದು ಫೋನ್ ಮಾಡಿ ಹೇಳು ಅವ್ರಿಗೆ, ಗಾಡಿ ನಮ್ಮನೇಲಿದೆ, ಬಂದು ತಗೊಂಡ್ಹೋಗಿ ಅಂತ.’