ತಿನ್ನದ ಮೀನು, ದೇವರದಲ್ಲದ ಮೀನು

ಕಳೆದ ಮಾರ್ಚ್‌ನಲ್ಲಿ ನಾವು ನಾಲ್ವರು ಗೆಳೆಯರು ಫ್ಲಾರಿಡಾದಿಂದ ಪುಟ್ಟ ವಿಮಾನ ಹತ್ತಿ ಬಹಾಮಾಸ್‌ನ ಆಂಡ್ರೋಸ್ ದ್ವೀಪಕ್ಕೆ ಹೋಗಿ ಆರು ದಿನ ಮೀನು ಹಿಡಿದೆವು. ಹಿಡಿದದ್ದರಲ್ಲಿ ಒಂದನ್ನೂ ತಿನ್ನಲಿಲ್ಲ, ಎಲ್ಲವನ್ನೂ ನೀರಿಗೇ ಬಿಟ್ಟೆವು. ತೀರ್ಥಹಳ್ಳಿಯ ಮನೆಗೆ ಫೋನ್ ಮಾಡಿ ಇದನ್ನು ಹೇಳಿದಾಗ ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ತಿನ್ನುವುದಿಲ್ಲ ಅಂದ ಮೇಲೆ ಅದರ ಬಾಯಿಗೆ ಕೊಕ್ಕೆ ಚುಚ್ಚಿದ್ದು ಯಾಕೆ ಮಾರಾಯ?" ಎಂದು ಕೇಳಿದರು.

ಕೇಳಿದ್ದು ನ್ಯಾಯವಾಗಿಯೇ ಇತ್ತು. ನಮ್ಮ ಕಡೆ ಜೂನ್‌ನ ಮೊದಲ ಜಡಿಮಳೆಗೆ ಹೊಳೆಯ ಮೀನು ಹಳ್ಳ ಹಿಡಿದು ಗದ್ದೆಯ ತನಕ ಏರಿ ಬರುತ್ತದೆ. ಹತ್ತುಮೀನು ಎನ್ನುತ್ತೇವೆ. ರಾತ್ರಿ ಟಾರ್ಚ್ ಹಿಡಿದು, ಅಂಚಿನಲ್ಲಿ ಕೂಣಿ ಎಂಬ ಮೀನಿನ ಬೋನು ಒಡ್ಡಿ ಕಾಯುತ್ತಿದ್ದ ಅಪ್ಪ, ಚಿಕ್ಕಪ್ಪಂದಿರ ಹಿಂದೆ ನಾನೂ ನೆನೆದುಕೊಂಡು ನಿಂತವನು. ಬೆಳಗ್ಗೆ ಸಾರಿನ ಪರಿಮಳಕ್ಕೇ ಎಚ್ಚರವಾಗುತ್ತಿತ್ತು. ಅದೇ ತುಂಗೆಯ ಚಿಪ್ಪಲಗುಡ್ಡೆಯಲ್ಲಿ, ಮೇಲೆ ಶೃಂಗೇರಿಯಲ್ಲಿ, ಮಂಡಕ್ಕಿ ಎಸೆದರೆ ಮೊಳದುದ್ದದ ಮೀನುಗಳು ಬಾಯಿ ತೆರೆದುಕೊಂಡು ಮೆಟ್ಟಿಲವರೆಗೆ ಬರುತ್ತವೆ. ಅವುಗಳ ಮೈ ಮುಟ್ಟುವ ಧೈರ್ಯ ಯಾರಿಗೂ ಇಲ್ಲ. ಒಂದೇ ಹೊಳೆಗೆ ಎರಡು ನ್ಯಾಯ: ಒಂದು ಸಾರಿನ ಮೀನು, ಇನ್ನೊಂದು ದೇವರ ಮೀನು. ಇವೆರಡೂ ಅಲ್ಲದ ಮೀನೊಂದು ಇರಬಹುದೆಂದು ಚಿಕ್ಕಪ್ಪನಿಗೆ ಹೊಳೆಯದಿದ್ದರೆ ಅದರಲ್ಲಿ ಅಚ್ಚರಿಯೇನಿದೆ?

ಆಂಡ್ರೋಸ್‌ನಲ್ಲಿ ನಾವು ಹುಡುಕಿಕೊಂಡು ಹೋದದ್ದು ಬೋನ್‌ಫಿಶ್. ಮೊಣಕಾಲುದ್ದದ ನೀರು, ತಳದಲ್ಲಿ ಬಿಳಿ ಮರಳು, ಅಂಚಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು, ಮೈಲುಗಟ್ಟಲೆ ಹೀಗೆಯೇ. ಉಬ್ಬರದ ನೀರಿನ ಜೊತೆ ಈ ಮೀನು ಸಿಗಡಿ, ಏಡಿ ಹುಡುಕುತ್ತ ಮೇಲೆ ಬರುತ್ತದೆ, ಇಳಿತಕ್ಕೆ ಆಳಕ್ಕೆ ಸರಿಯುತ್ತದೆ. ಅದರ ಹುರುಪೆ ಕನ್ನಡಿಯ ಹಾಗೆ ಮರಳಿನ ಬಣ್ಣವನ್ನೇ ತೋರಿಸುವುದರಿಂದ ಮೀನು ಕಾಣುವುದಿಲ್ಲ, ನೆರಳು ಮಾತ್ರ ಕಾಣುತ್ತದೆ. ಮೊದಲ ಎರಡು ದಿನ ನನಗೆ ನೆರಳೂ ಕಾಣಲಿಲ್ಲ.

ನಾವು ಹಿಡಿದದ್ದು ಫ್ಲೈ ಫಿಶಿಂಗ್ ಎಂಬ ವಿಧಾನದಲ್ಲಿ. ಅದರ ಕೆಲಸವೇ ಬೇರೆ. ನಮ್ಮ ಗಾಳದಲ್ಲಿ ಎರೆಯ, ಗುಂಡಿನ ಭಾರಕ್ಕೆ ದಾರ ಹೋಗಿ ಬೀಳುತ್ತದೆ. ಇಲ್ಲಿ ಎರೆಗೆ ಭಾರ ಇಲ್ಲವೆನ್ನಬೇಕು. ಕೊಕ್ಕೆಗೆ ಕೂದಲು, ಗರಿ, ಮಿನುಗುವ ಎಳೆ ಸುತ್ತಿ ಸಿಗಡಿಯಂತೆ ಕಾಣಿಸುವ ಹುಸಿ ಎರೆ ಅದು. ಭಾರವೆಲ್ಲ ದಪ್ಪನೆಯ ದಾರದಲ್ಲಿರುತ್ತದೆ. ಒಂಬತ್ತು ಅಡಿಯ ಕೋಲನ್ನು ಹಿಂದಕ್ಕೆ ಬೀಸಿ, ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ತಡೆದು, ಆಮೇಲೆ ಮುಂದಕ್ಕೆ ಬೀಸಬೇಕು. ಆ ತಡೆಯುವ ಗಳಿಗೆಯೇ ಕಷ್ಟ. ಎದುರು ಗಾಳಿಯಲ್ಲಿ ಇನ್ನೂ ಕಷ್ಟ.

ನಮ್ಮ ಗೈಡ್ ಅರವತ್ತು ದಾಟಿದವರು. ದೋಣಿಯ ಹಿಂಬದಿಯ ಅಟ್ಟಣೆಯ ಮೇಲೆ ನಿಂತು ಉದ್ದನೆಯ ಜಲ್ಲೆಯಿಂದ ಸದ್ದಿಲ್ಲದೆ ನೂಕುತ್ತಿದ್ದರು. ದೋಣಿಯ ಮೂತಿ ಹನ್ನೆರಡು ಗಂಟೆ ಎಂದು ಲೆಕ್ಕ. "ಹತ್ತು ಗಂಟೆ, ಐವತ್ತು ಅಡಿ, ಎಡಕ್ಕೆ ಹೋಗುತ್ತಿದೆ" ಎಂದರೆ ಮೀನು ನಿಮಗೆ ಕಾಣದಿದ್ದರೂ ಅಲ್ಲಿಗೆ ಎಸೆಯಬೇಕು. ಮೂರನೆಯ ದಿನ ಮಧ್ಯಾಹ್ನ ಹಾಗೆಯೇ ಎಸೆದೆ. "ಬಿಡಿ, ಕೂರಲಿ. ಈಗ ಎಳೆಯಿರಿ. ನಿಧಾನ. ಇನ್ನೊಮ್ಮೆ. ಬಂತು, ಬಂತು." ದಾರ ಬಿಗಿಯಿತು. ಕೋಲು ಎತ್ತಿದರೆ ಕೊಕ್ಕೆ ಬಾಯಿಂದ ಜಾರುತ್ತದೆ, ಕೈಯಲ್ಲೇ ದಾರ ಎಳೆಯಬೇಕು ಎಂದು ಎರಡು ದಿನ ಹೇಳಿಸಿಕೊಂಡಿದ್ದೆ, ಎಳೆದೆ. ಆ ಮೀನು ಓಡಿದ ಓಟಕ್ಕೆ ದಾರದ ಸುರುಳಿ (ರೀಲ್) ಚೀರಿತು, ನೂರು ಗಜದಷ್ಟು ದಾರ ನನ್ನ ಕಣ್ಣೆದುರೇ ಖಾಲಿಯಾಯಿತು. ಕೊನೆಗೆ ಹತ್ತಿರ ಬಂದಾಗ ನೋಡಿದರೆ ಎರಡು ಕಿಲೋ ಕೂಡ ಇರಲಿಲ್ಲ.

ಗೈಡ್ ನೀರಿಗಿಳಿದು, ಕೈ ಒದ್ದೆ ಮಾಡಿಕೊಂಡು, ಮೀನನ್ನು ನೀರಿನಿಂದ ಎತ್ತದೆಯೇ ಕೊಕ್ಕೆ ಬಿಡಿಸಿದರು. ಕೊಕ್ಕೆಯ ಮುಳ್ಳನ್ನು ಬೆಳಗ್ಗೆಯೇ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಟ್ಟಿದ್ದರು. ಮಲ್ಪೆಯ ಗೆಳೆಯ ಫೋಟೊಗೆ ಎತ್ತಿ ಹಿಡಿಯಲು ಹೋದಾಗ ತಡೆದರು. ಒಣಗೈ ತಾಗಿದರೆ ಮೈಯ ಲೋಳೆ ಹೋಗುತ್ತದೆ, ಗಾಳಿಯಲ್ಲಿ ಹೆಚ್ಚು ಹೊತ್ತು ಇಟ್ಟರೆ ಸುಸ್ತಾಗಿ ಈಜಲಾರದೆ ಶಾರ್ಕ್‌ನ ಬಾಯಿಗೆ ಬೀಳುತ್ತದೆ ಎಂದರು. ಮೀನು ಅವರ ಅಂಗೈ ಮೇಲೆ ಒಂದು ಕ್ಷಣ ನಿಂತು, ಬಾಲ ಬೀಸಿ ಹೋಯಿತು. ಅವರು ಚಿಕ್ಕವರಿದ್ದಾಗ ಮನೆಯಲ್ಲಿ ಅಮ್ಮ ಇದೇ ಮೀನನ್ನು ಒಲೆಯಲ್ಲಿ ಸುಟ್ಟು ಕೊಡುತ್ತಿದ್ದರಂತೆ. ಅವರೂ ನಮ್ಮ ಹಾಗೆಯೇ ಮೀನು ತಿಂದು ಬೆಳೆದವರು.

ನನ್ನ ಮನಸ್ಸಿಗೆ ನಾಟಿದ ವ್ಯತ್ಯಾಸ ಇಲ್ಲಿದೆ. ಆ ದೋಣಿಯಲ್ಲಿ ಹಣ ಕೊಟ್ಟು ಬಂದವರು ನಾವು, ಆದರೆ ನಡೆಯುವುದು ಗೈಡ್‌ನ ಮಾತು. ಎಲ್ಲಿ ಎಸೆಯಬೇಕು, ಯಾವಾಗ ಸುಮ್ಮನಿರಬೇಕು, ಮೀನನ್ನು ಹೇಗೆ ಮುಟ್ಟಬೇಕು ಎಂಬುದನ್ನೆಲ್ಲ ಹೇಳುವವರು ಅವರು, ಕೇಳುವವರು ನಾವು. ಈ ಮೀನು ಹಿಡಿಯಲು ಹೆಸರಾದ, 1970ರ ದಶಕದ 'ಕ್ರೇಜಿ ಚಾರ್ಲಿ' ಎಂಬ ಹುಸಿ ಎರೆಗೆ ಆ ಹೆಸರು ಬಂದದ್ದು ಇದೇ ಆಂಡ್ರೋಸ್‌ನ ಗೈಡ್ ಚಾರ್ಲಿ ಸ್ಮಿತ್ ಅವರಿಂದ. ದೇಶದ ಹತ್ತು ಸೆಂಟಿನ ನಾಣ್ಯದ ಮೇಲೆ ಎರಡು ಬೋನ್‌ಫಿಶ್ ಇವೆ. ಬಲೆ ಹಾಕಿ ಅದನ್ನು ಹಿಡಿಯುವುದು, ಮಾರುವುದು ಅಲ್ಲಿ ಕಾನೂನಿಗೆ ವಿರುದ್ಧ. 2019ರಲ್ಲಿ ಡೋರಿಯನ್ ಚಂಡಮಾರುತ ಗ್ರ್ಯಾಂಡ್ ಬಹಾಮಾ, ಅಬಾಕೊ ದ್ವೀಪಗಳ ಕಾಂಡ್ಲಾ ಕಾಡನ್ನು ಒರೆಸಿ ಹಾಕಿದ ಮೇಲೆ ಸಸಿ ನೆಡಲು ಮುಂದೆ ಬಂದವರಲ್ಲಿ ಮೀನು ಗೈಡ್‌ಗಳೂ ಇದ್ದರು. ಬದುಕಿರುವ ಮೀನಿನಿಂದ ಮನೆ ನಡೆಯುವವನಿಗೆ ಅದರ ಕಾವಲು ಕಾಯಲು ಬೇರೆ ಯಾರೂ ಹೇಳಬೇಕಾಗಿಲ್ಲ.

ನಮ್ಮಲ್ಲಿ ಹೀಗೆ ಹಿಡಿದು ಬಿಡುವುದು ಇರಲಿಲ್ಲವೇ? ಇತ್ತು. ಕಬಿನಿಯಲ್ಲಿ 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಒಬ್ಬರು 120 ಪೌಂಡ್ ತೂಕದ ಮಹಶೀರ್ ಎಂಬ ದೊಡ್ಡ ಹೊಳೆಮೀನು ಹಿಡಿದಿದ್ದರು. ಮುಂದೆ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಯ ಶಿಬಿರಗಳಿಗೆ ದೇಶ ವಿದೇಶದವರು ಬಂದು, ರಾಗಿ ಮುದ್ದೆಯನ್ನೇ ಎರೆಯಾಗಿ ಕಟ್ಟಿ, ಮಹಶೀರ್ ಹಿಡಿದು ತೂಗಿ ಕಾವೇರಿಗೇ ಬಿಡುತ್ತಿದ್ದರು. ಗೈಡ್‌ಗಳು ಹೊಳೆದಂಡೆಯ ಹಳ್ಳಿಗಳವರು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಕೆಲವರೂ ಅವರಲ್ಲಿದ್ದರು. ನದಿಯ ಒಂದೊಂದು ಮಡುವೂ ಅವರಿಗೆ ಗೊತ್ತಿತ್ತು. ಅದು ವನ್ಯಧಾಮದ ಒಳಗಿನ ಜಾಗ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ ಎಂದು ಹತ್ತು ಹದಿನೈದು ವರ್ಷಗಳ ಹಿಂದೆ ಗಾಳ ನಿಂತಿತು. ಕಾವೇರಿಯ ಗೂನು ಬೆನ್ನಿನ ಮಹಶೀರ್ 2018ರಲ್ಲಿ ತೀವ್ರ ಅಳಿವಿನಂಚಿನ ಪಟ್ಟಿ ಸೇರಿತು. ಅಣೆಕಟ್ಟು, ಮರಳು ಗಣಿಗಾರಿಕೆ, ಸಿಡಿಮದ್ದು, ಹೊರಗಿನಿಂದ ತಂದು ಬಿಟ್ಟ ಬೇರೆ ಜಾತಿಯ ಮಹಶೀರ್ ಮರಿಗಳು ಎಲ್ಲವೂ ಅದಕ್ಕೆ ಕಾರಣ. ಗಾಳವೊಂದಿದ್ದರೆ ಅದು ಉಳಿಯುತ್ತಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ದಿನವಿಡೀ ನದಿಯ ಮೇಲೆ ಕಣ್ಣಿಟ್ಟಿದ್ದವರನ್ನು ನದಿಯಿಂದ ಎಬ್ಬಿಸಿ ಕಳಿಸಿದ್ದು ತಪ್ಪು ಎಂದು ಖಂಡಿತ ಹೇಳುತ್ತೇನೆ.

ದೇವರ ಮೀನಿನ ಬಗ್ಗೆ ನನಗೆ ಗೌರವ ಕಡಿಮೆಯಾಗಿಲ್ಲ. ದಕ್ಷಿಣ ಕನ್ನಡದ ಶಿಶಿಲದಲ್ಲಿ 1996ರಲ್ಲಿ ಯಾರೋ ನೀರಿಗೆ ವಿಷ ಹಾಕಿ ಸಾವಿರಾರು ಮೀನು ಸತ್ತಾಗ ಊರಿನವರು ಸತ್ತ ಮೀನುಗಳಿಗೆ ಸ್ಮಾರಕ ಕಟ್ಟಿದರು. ಅಂಥ ಪ್ರೀತಿಯನ್ನು ನಾನು ಬಹಾಮಾಸ್‌ನಲ್ಲಿ ಕಂಡಿಲ್ಲ. ಆದರೆ ದೇವರ ಕಾವಲು ದೇವಸ್ಥಾನದ ಮೆಟ್ಟಿಲ ಸುತ್ತ ಮಾತ್ರ. ಅರ್ಧ ಮೈಲು ಕೆಳಗೆ, ಮೊಟ್ಟೆ ತುಂಬಿದ ಹತ್ತುಮೀನಿಗೆ ಕೂಣಿ ಒಡ್ಡಿರುತ್ತದೆ. ಚಿಕ್ಕಪ್ಪನಿಗೆ ಇದನ್ನೂ ಹೇಳಿದೆ. ಅವರು ಒಪ್ಪಿಕೊಳ್ಳಲಿಲ್ಲ, ಅಲ್ಲಗಳೆಯಲೂ ಇಲ್ಲ.

ನಮ್ಮ ಜೊತೆಗಿದ್ದ ಮಳವಳ್ಳಿ ಕಡೆಯ ಗೆಳೆಯನಿಗೆ ದೂರದ ಸಂಬಂಧಿಯೊಬ್ಬರಿದ್ದಾರೆ. ಆ ಶಿಬಿರಗಳಲ್ಲಿ ಗೈಡ್ ಆಗಿದ್ದವರು, ಈಗ ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರ ಗೇಟಿನಲ್ಲಿ ಕಾವಲು ಕೆಲಸ. ಕೊನೆಯ ಸಂಜೆ ಗೆಳೆಯ ಅವರಿಗೆ ವೀಡಿಯೊ ಕರೆ ಮಾಡಿ ಮೀನು ಬಿಡುವ ದೃಶ್ಯ ತೋರಿಸಿದ. ಊಟ ಹೇಗಿತ್ತು, ಎಷ್ಟು ಖರ್ಚಾಯಿತು ಎಂದು ಉಳಿದವರೆಲ್ಲ ಕೇಳಿದ್ದನ್ನು ಅವರು ಕೇಳಲಿಲ್ಲ. ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು, "ಬಿಡುವಾಗ ಮೂತಿ ನೀರಿನ ಎದುರಿಗೆ ಇಟ್ಟಿದ್ದರಾ? ತಾನಾಗೇ ಬಾಲ ಹೊಡೆಯುವ ತನಕ ಹಿಡಿದುಕೊಂಡಿದ್ದರಾ?" ಎಂದು ವಿಚಾರಿಸಿದರು. ಹೌದು ಅಣ್ಣ ಎಂದೆವು. ಹಿಂದೆ ಯಾವುದೋ ಕಾರು ಹಾರ್ನ್ ಮಾಡಿತು, ಗೇಟು ತೆರೆಯಲು ಎದ್ದು ಹೋದರು.