ಒಬ್ಬರೇ ಬಂದಿದ್ದೀರಾ?

ನಿನ್ನೆ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬರುವ ಬಸ್ಸಿನಲ್ಲಿ ಕುಳಿತಾಗಲೇ ಇದನ್ನು ಬರೆಯಬೇಕೆಂದುಕೊಂಡೆ. ಸಿಟ್ಟಿನಲ್ಲಿ ಬರೆಯಬಾರದೆಂದು ಮೊಬೈಲ್ ಚೀಲದೊಳಗಿಟ್ಟೆ. ಬೆಳಿಗ್ಗೆ ಎದ್ದು ಎರಡು ಲೋಟ ಕಾಫಿ ಕುಡಿದರೂ ಸಿಟ್ಟು ಇಳಿದಿಲ್ಲ. ಇನ್ನು ಕಾಯುವುದಿಲ್ಲ.

ದಸರೆ ರಜೆ ಮುಗಿದು ಶಾಲೆ ತೆರೆಯುವ ಮೊದಲು ಎರಡು ದಿನ ನಾನು ಒಬ್ಬಳೇ ಬೆಟ್ಟದ ಕಡೆ ಹೋಗಿಬರುತ್ತೇನೆ ಎಂಬುದು ನಿಮಗೆ ಗೊತ್ತಿರುವ ಸಂಗತಿ. ಇಷ್ಟು ವರ್ಷ ಯಾರಾದರೂ ನೆಂಟರ ಮನೆಯಲ್ಲಿ ಉಳಿಯುತ್ತಿದ್ದೆ. ಅಲ್ಲಿ ಊಟ, ಮಾತು, ಮದುವೆ ಮಾತುಕತೆ, ಆಸ್ತಿಯ ತಗಾದೆ ಎಲ್ಲವೂ ಸೇರಿ ಎರಡು ದಿನ ಎಲ್ಲಿ ಹೋಯಿತೆಂದೇ ತಿಳಿಯುತ್ತಿರಲಿಲ್ಲ. ಈ ಸಲ ಯಾರ ಮನೆಯೂ ಬೇಡ, ದುಡ್ಡು ಕೊಟ್ಟು ಉಳಿಯೋಣ, ಕವಲೇದುರ್ಗದ ಕೋಟೆ ಹತ್ತೋಣ ಎಂದು ಹೊರಟೆ.

ಮೊದಲ ಹೋಂಸ್ಟೇಗೆ ಫೋನ್ ಮಾಡಿದಾಗ, "ಎಷ್ಟು ಜನ ಮೇಡಂ?" ಎಂದರು. ಒಬ್ಬಳೇ ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಒಬ್ಬರಿಗೆ ಕೊಡುವುದಿಲ್ಲ, ಫ್ಯಾಮಿಲಿ ಆದರೆ ಹೇಳಿ." ಎರಡನೆಯವರು ಕನಿಷ್ಠ ಇಬ್ಬರು ಇರಬೇಕು ಎಂದರು. ಇಬ್ಬರ ಬಾಡಿಗೆ ನಾನೇ ಕೊಡುತ್ತೇನೆ ಎಂದೆ. "ಅದಲ್ಲ ಮೇಡಂ" ಎಂದರು. ಹಾಗಾದರೆ ಯಾವುದು? ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಮೂರನೆಯ ಕಡೆ ಫೋನ್ ಮಾಡದೆ ನೇರವಾಗಿ ಹೋಗಿ ನಿಂತೆ. ಆಗಲೇ ಸಂಜೆ ಐದು. ಮೇಜಿನ ಹಿಂದೆ ಕುಳಿತ ಹುಡುಗ ನನ್ನ ಮುಖ ನೋಡಿದ, ಚೀಲ ನೋಡಿದ, ಬೆನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡಿದ. "ಒಬ್ಬರೇ ಬಂದಿದ್ದೀರಾ?"

ಇಲ್ಲ, ಯಜಮಾನರು ಕೆಲಸ ಮುಗಿಸಿ ರಾತ್ರಿ ಬರುತ್ತಾರೆ ಎಂದುಬಿಟ್ಟೆ.

ಕೀಲಿಕೈ ಕೂಡಲೇ ಸಿಕ್ಕಿತು. ಇಪ್ಪತ್ತಾರು ವರ್ಷಗಳಿಂದ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಕಲಿಸುತ್ತಿರುವವಳು ನಾನು. ಅಷ್ಟಕ್ಕೇ ಮುಗಿಯಲಿಲ್ಲ. ಎಂಟು ಗಂಟೆಗೆ ನಮ್ಮವರು ಫೋನ್ ಮಾಡಿದಾಗ ಬೇಕೆಂದೇ ಜಗುಲಿಗೆ ಬಂದು, ಆ ಹುಡುಗನಿಗೆ ಕೇಳಿಸುವಂತೆ, "ಇನ್ನೂ ಎಲ್ಲಿದ್ದೀರಿ? ಬೇಗ ಹೊರಡಿ" ಎಂದೆ. ಅವರು ಗಾಬರಿಯಾಗಿ, "ಮನೆಯಲ್ಲೇ ಇದ್ದೇನೆ, ಏನಾಯಿತು? ಬರಲೇ?" ಎಂದರು. ಹೋಗಿಬಾ ಎಂದು ಬೆಳಿಗ್ಗೆ ಬಸ್‌ನಿಲ್ದಾಣದವರೆಗೆ ಬಂದು ಕಳುಹಿಸಿದ ಮನುಷ್ಯನನ್ನು ನನ್ನ ಸುಳ್ಳಿಗೆ ಸಾಕ್ಷಿ ಮಾಡಿಕೊಂಡಿದ್ದಕ್ಕೆ ರಾತ್ರಿ ನಿದ್ದೆ ಬರಲಿಲ್ಲ.

ನಿದ್ದೆ ಬಾರದಿರಲು ಇನ್ನೊಂದು ಕಾರಣವೂ ಇತ್ತು. ನನ್ನ ನಂತರ ಒಂಬತ್ತು ಜನ ಹುಡುಗರು ಬಂದರು. ಅವರಲ್ಲಿ ಒಬ್ಬನ ಆಧಾರ್ ಕಾರ್ಡು ನೋಡಿ ಮೂರು ಕೋಣೆ ಕೊಟ್ಟರು. ಯಾಕೆ ಬಂದಿರಿ, ಮನೆಯವರಿಗೆ ಗೊತ್ತೇ, ಯಾರೂ ಕೇಳಲಿಲ್ಲ. ರಾತ್ರಿ ಒಂದರವರೆಗೆ ಸ್ಪೀಕರ್ ಕೂಗಿತು. ಮರುದಿನ ಕೋಟೆಯ ಅರಮನೆಯ ಅಡಿಪಾಯದ ನಡುವೆ, ಕಲ್ಲಿನ ಒಲೆಯ ಪಕ್ಕದಲ್ಲೇ, ಬಾಟಲಿಗಳ ಚೂರು ನೋಡಿದೆ. ಅದೇ ಹುಡುಗರದು ಎನ್ನುವುದಿಲ್ಲ, ನಾನು ಕಂಡಿಲ್ಲ. ಆದರೆ ಒಬ್ಬಂಟಿಯಾಗಿ ಬಂದ ಶಾಲೆಯ ಮೇಷ್ಟ್ರಮ್ಮ ಅಲ್ಲಿ ಬಾಟಲಿ ಒಡೆಯುವುದಿಲ್ಲ ಎಂದು ಖಂಡಿತ ಹೇಳಬಲ್ಲೆ.

ಹೋಂಸ್ಟೇ ನಡೆಸುವ ಪರಿಚಯದವರೊಬ್ಬರಿಗೆ ಬಸ್ಸಿನಿಂದಲೇ ಫೋನ್ ಮಾಡಿ ಕೇಳಿದೆ. ಒಬ್ಬರೇ ಬಂದು ಕೋಣೆ ಹಿಡಿದು ಜೀವ ಕಳೆದುಕೊಂಡರೆ ಠಾಣೆ, ಪಂಚನಾಮೆ ಎಂದು ತಿಂಗಳುಗಟ್ಟಲೆ ಅಲೆಯಬೇಕು, ನಮ್ಮ ಕಷ್ಟ ನಿಮಗೆ ತಿಳಿಯುವುದಿಲ್ಲ ಎಂದರು. ಆ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಭಯವಿದ್ದರೆ ಮನೆಯವರ ನಂಬರ್ ಕೇಳಿ, ನಿಮ್ಮ ಜೊತೆಯಲ್ಲೇ ಊಟಕ್ಕೆ ಕೂರಿಸಿ, ನಾಲ್ಕು ಮಾತಾಡಿಸಿ. ನಿಜವಾಗಿ ನೊಂದ ಜೀವವೊಂದು ಬಾಗಿಲಿಗೆ ಬಂದರೆ, ಕೊನೆಯ ಬಸ್ಸು ಹೋದ ಹೊತ್ತಿನಲ್ಲಿ ಅದನ್ನು ರಸ್ತೆಗೆ ಕಳುಹಿಸುವುದು ಯಾವ ರಕ್ಷಣೆ? ಹೋಟೆಲಿನ ಪ್ರವೇಶದಲ್ಲಿ ಗಂಡು ಹೆಣ್ಣೆಂಬ ಭೇದ ಮಾಡಬಾರದೆಂದು ಸಂವಿಧಾನದ 15ನೇ ವಿಧಿಯೇ ಹೇಳುತ್ತದೆ, ಪ್ರತಿವರ್ಷ ಮಕ್ಕಳಿಗೆ ಪಾಠ ಮಾಡುತ್ತೇನೆ. ಆ ಮೇಜಿನ ಮುಂದೆ ನಿಂತಾಗ ಮಾತ್ರ ಬಾಯಿಗೆ ಬಂದದ್ದು ಯಜಮಾನರ ಹೆಸರು.

ನನ್ನ ಅಜ್ಜಿ ದಿನ ಬೆಳಗಾದರೆ ಕತ್ತಿ ಹಿಡಿದು ಸೊಪ್ಪಿನ ಬೆಟ್ಟಕ್ಕೆ ಹೋಗುತ್ತಿದ್ದಳು, ಒಬ್ಬಳೇ. ಮಳೆಗಾಲದಲ್ಲಿ ಕಾಲಿಗೆ ಹತ್ತಿದ ಉಂಬಳವನ್ನು ಸುಣ್ಣ ಹಚ್ಚಿ ಬೀಳಿಸಿಕೊಂಡು, ತಲೆಯ ಮೇಲೆ ಹೊರೆ ಹೊತ್ತು ಬರುತ್ತಿದ್ದಳು. ತಪ್ಪಿಸಿಕೊಂಡ ದನವನ್ನು ಹುಡುಕುತ್ತ ಕತ್ತಲಾಗುವವರೆಗೆ ಕಾಡಿನಲ್ಲಿ ಅಲೆದದ್ದೂ ಉಂಟು. ಮಲೆನಾಡಿನ ಯಾವ ಮನೆಯಲ್ಲಿ ಕೇಳಿದರೂ ಇಂಥ ಅಜ್ಜಿಯೊಬ್ಬಳು ಸಿಗುತ್ತಾಳೆ. ಒಬ್ಬಳೇ ಹೋಗುತ್ತೀಯಾ ಎಂದು ಅವಳನ್ನು ಯಾರೂ ತಡೆಯಲಿಲ್ಲ. ಸೊಪ್ಪು ಹೊರುವ ಹೆಂಗಸು ಕಾಡಿನಲ್ಲಿ ಒಬ್ಬಳೇ ಇರಬಹುದು, ಸುಮ್ಮನೆ ಕುಳಿತು ಗಾಳಿ ಕುಡಿಯಲು ಹೋದ ಹೆಂಗಸಿಗೆ ಮಾತ್ರ ಜೊತೆ ಬೇಕು. ನನಗೆ ಅರಗದಿರುವುದು ಇದೇ.

ಆ ಗಾಳಿಯ ಬಗ್ಗೆಯೂ ಹೇಳಬೇಕು, ಇಲ್ಲದಿದ್ದರೆ ನಿಮಗೆ ನನ್ನ ಸಿಟ್ಟು ಅರ್ಥವಾಗುವುದಿಲ್ಲ. ಭೂಮಿ ಹುಣ್ಣಿಮೆಯ ಮರುದಿನ ಅದು. ಕೋಟೆಗೆ ಹೋಗುವ ದಾರಿ ಮೊದಲು ಗದ್ದೆಯ ಅಂಚಿನ ಮೇಲೆ ಸಾಗುತ್ತದೆ. ಭತ್ತ ಹೊಡೆ ತುಂಬಿ ನಿಂತಿತ್ತು. ಬಸುರಿ ಭೂಮಿಗೆ ಬಯಕೆಯ ಅಡುಗೆ ಮಾಡಿ ಬಡಿಸುವ ಹಬ್ಬವಲ್ಲವೇ, ಒಂದು ಗದ್ದೆಯ ಮೂಲೆಯಲ್ಲಿ ಹಿಂದಿನ ದಿನದ ಪೂಜೆಯ ಚೆಂಡುಹೂ ಇನ್ನೂ ಬಾಡಿರಲಿಲ್ಲ. ಬಾಳೆಯೆಲೆಯ ಮೇಲೆ ಎಡೆಯ ಗುರುತು ಮಾತ್ರ ಉಳಿದಿತ್ತು. ಕಾಗೆಗಳು ತಮ್ಮ ಪಾಲು ಮುಗಿಸಿದ್ದವು. ನಾನು ಅಲ್ಲಿ ಎಷ್ಟು ಹೊತ್ತು ನಿಂತೆನೋ ಲೆಕ್ಕವಿಡಲಿಲ್ಲ. ನಡಿ, ಬಿಸಿಲೇರುತ್ತದೆ ಎನ್ನುವವರು ಯಾರೂ ಇರಲಿಲ್ಲ.

ಆಮೇಲೆ ಕಾಡಿನೊಳಗೆ ಕಲ್ಲು ಹಾಸಿದ ದಾರಿ, ಒಂದಾದ ಮೇಲೊಂದು ಕೋಟೆಬಾಗಿಲು, ಪಾಚಿಗಟ್ಟಿದ ಗೋಡೆ. ಕೆಳದಿ ಅರಸರ ಕೋಟೆಯಿದು, ಹಿಂದೆ ಭುವನಗಿರಿ ಎಂದು ಹೆಸರಿತ್ತು. ಕಾಶಿ ವಿಶ್ವನಾಥನ ಗುಡಿಯ ಮುಂದೆ ಕುಳಿತು ಬುತ್ತಿ ಬಿಚ್ಚಿದೆ. ತುದಿಯ ಶಿಖರೇಶ್ವರನ ಬಳಿ ನಿಂತಾಗ ಚಿತ್ತೆ ಮಳೆಯ ಮೋಡವೊಂದು ಬಂದು ಹತ್ತು ನಿಮಿಷ ಎಲ್ಲವನ್ನೂ ಮುಚ್ಚಿತು. ಅದು ಸರಿದಾಗ ಬೆಟ್ಟದ ಸಾಲು ತೊಳೆದಿಟ್ಟ ಹಾಗಿತ್ತು. ಅತ್ತೆನೆಂದು ಹೇಳಲು ನಾಚಿಕೆಯಿಲ್ಲ. ದುಃಖಕ್ಕಲ್ಲ. ಒಬ್ಬಳೇ ಹೋದವಳು ದುಃಖದಿಂದಲೇ ಹೋಗಿರುತ್ತಾಳೆ ಎಂದು ತಿಳಿಯುವವರಿಗೆ ಅದನ್ನು ಹೇಗೆ ವಿವರಿಸಲಿ?

ಕೋಣೆ ಬಿಡುವಾಗ ಆ ಹುಡುಗ, "ಸರ್ ಬರಲೇ ಇಲ್ಲವಲ್ಲ" ಎಂದ. ಬರುವುದಿರಲಿಲ್ಲ, ನಾನು ಸುಳ್ಳು ಹೇಳಿದ್ದೆ ಎಂದೆ. ಅವನು ತಲೆ ತಗ್ಗಿಸಿ, "ಮಾಲೀಕರು ಹಾಗೆ ಹೇಳಿದ್ದಾರೆ ಮೇಡಂ" ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ.

ಕಾರ್ತಿಕದಲ್ಲಿ ಕೊಡಚಾದ್ರಿಗೆ ಹೋಗಬೇಕೆಂದಿದ್ದೇನೆ. ನಿಟ್ಟೂರಿನ ಕಡೆ, ಬಿದನೂರು ನಗರದ ಕಡೆ ಉಳಿಯಲು ಜಾಗ ಕೊಡುವ ಪರಿಚಯದವರಿದ್ದರೆ ತಿಳಿಸಿ. ಅವರೊಡನೆ ಮಾತಾಡುವಾಗ ಒಬ್ಬಳೇ ಬರುತ್ತಾಳೆಂದು ಮೊದಲೇ ಹೇಳಿ. ಯಜಮಾನರು ರಾತ್ರಿ ಬರುವುದಿಲ್ಲ ಎಂದೂ ಹೇಳಿ.